ಬೀಳುವ ಬೆಳಕು

ಭಾವಚಿತ್ರ ತೆಗೆಯುವ ಸ್ಟುಡಿಯೋದಲ್ಲಿ ಎಲ್ಲರಿಗಿಂತ ಮೊದಲು ದೀಪದೆದುರು ಕುಳಿತುಕೊಳ್ಳುವವರು ಯಾರ ಚಿತ್ರ ಬೇಕಾಗಿದೆಯೋ ಅವರಲ್ಲ. ಅವರು ಇನ್ನೂ ಹೊರಗೆ ತಲೆ ಬಾಚಿಕೊಳ್ಳುತ್ತಲೋ, ಚಹಾ ಕುಡಿಯುತ್ತಲೋ, ಅಂಧೇರಿಯ ಸೇತುವೆಯ ಮೇಲೆ ರಿಕ್ಷಾದಲ್ಲಿ ಸಿಕ್ಕಿಕೊಂಡೋ ಇರುತ್ತಾರೆ. ಅವರು ಬರುವಷ್ಟರಲ್ಲಿ ದೀಪಗಳ ಎತ್ತರ, ಕೋನ, ಬಲ ಎಲ್ಲವೂ ನಿಶ್ಚಯವಾಗಿರಬೇಕು. ಅದಕ್ಕಾಗಿ ಅವರ ಸ್ಟೂಲಿನ ಮೇಲೆ ಕೈಗೆ ಸಿಕ್ಕವರೊಬ್ಬರನ್ನು ಕೂರಿಸಿ ಬೆಳಕನ್ನು ಪರೀಕ್ಷಿಸುತ್ತಾರೆ. ಕಳೆದ ವರ್ಷದ ಬಹುಪಾಲು ಶನಿವಾರಗಳಲ್ಲಿ ಹಾಗೆ ಕೈಗೆ ಸಿಕ್ಕವಳು ನಾನು.

ವಾರಾಂತ್ಯದ ಛಾಯಾಗ್ರಹಣ ಡಿಪ್ಲೊಮಾ ತರಗತಿಯೊಂದಕ್ಕೆ ನಾನು ಸೇರಿದ್ದು 46ನೆಯ ವಯಸ್ಸಿನಲ್ಲಿ. ಮಗಳು ಕಾಲೇಜಿಗೆ ಪುಣೆಗೆ ಹೋದಳು, ಶನಿವಾರಗಳು ಮನೆಯಲ್ಲಿ ಸುಮ್ಮನೆ ಬಿದ್ದುಕೊಂಡವು. ಇದಕ್ಕಿಂತ ಘನವಾದ ಕಾರಣವೇನೂ ಇರಲಿಲ್ಲ. ತರಗತಿಯಲ್ಲಿ ಹದಿನಾಲ್ಕು ಮಂದಿ. ನನ್ನನ್ನು ಬಿಟ್ಟರೆ ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಅವರು ನನ್ನನ್ನು ‘ತಾಯಿ’ ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಅಕ್ಕ ಎಂದರ್ಥ. ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ನನ್ನ ಧಾರವಾಡದ ಕಿವಿ ಅದನ್ನು ಅಕ್ಕ ಎಂದು ಕೇಳಲು ಕಲಿತಿಲ್ಲ. ‘ತಾಯಿ, ಸ್ವಲ್ಪ ಸ್ಟೂಲಿನ ಮೇಲೆ ಕೂತ್ಕೋತೀರಾ’ ಎಂದು ಕೊಲ್ಹಾಪುರದ ಹುಡುಗ ಕೇಳಿದಾಗಲೆಲ್ಲ ಯಾರೋ ನನ್ನನ್ನು ದೇವಸ್ಥಾನದ ಕಟ್ಟೆಯ ಮೇಲೆ ಕೂರಿಸುತ್ತಿದ್ದಾರೆ ಎಂಬಂತೆ ಮುಜುಗರವಾಗುತ್ತಿತ್ತು.

ಮೂವರದೊಂದು ತಂಡ. ಒಬ್ಬರು ಚಿತ್ರ ತೆಗೆಯಬೇಕು, ಒಬ್ಬರು ಕ್ಯಾಮೆರಾಕ್ಕೆ ತಂತಿಯಿಂದ ಜೋಡಿಸಿದ ಲ್ಯಾಪ್‌ಟಾಪ್ ನೋಡಿಕೊಳ್ಳಬೇಕು, ಮೂರನೆಯವರು ಸಹಾಯಕರು. ಸರದಿಯಂತೆ ಪಾತ್ರ ಬದಲಾಗಬೇಕೆಂಬುದು ನಿಯಮ. ನನ್ನ ಸರದಿ ಬಂದಾಗ ನಾನು ಏನಾದರೊಂದು ನೆಪ ಹೇಳಿ ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿದ್ದೆ. ಹುಡುಗರಿಗೆ ಅದು ಔದಾರ್ಯವಾಗಿ ಕಂಡಿತು. ನಿಜವೆಂದರೆ ನನಗೆ ಧೈರ್ಯವಿರಲಿಲ್ಲ. ಇನ್ನೊಬ್ಬರ ಮುಖದೆದುರು ನಿಂತು ‘ಗದ್ದ ಸ್ವಲ್ಪ ಕೆಳಗೆ, ಕಣ್ಣು ಇಲ್ಲಿ’ ಎಂದು ಆಜ್ಞಾಪಿಸುವುದು ನನ್ನಿಂದಾಗದೆಂದು ತೋರಿತು. ಸಹಾಯಕಿಯ ಕೆಲಸವಾದರೋ ಸರ್ಕಾರಿ ನೌಕರಿಯಂತೆಯೇ ಇತ್ತು: ಹೇಳಿದ್ದನ್ನು ಹೇಳಿದ ಜಾಗದಲ್ಲಿ ಹಿಡಿದು ನಿಲ್ಲುವುದು.

ಆದರೆ ಅದೂ ಅಂದುಕೊಂಡಷ್ಟು ಸುಲಭವಲ್ಲ. ದೀಪದ ಕಂಬಕ್ಕೆ ಮೂರು ಕಾಲು; ಅಡ್ಡತೋಳಿನ ತುದಿಯಲ್ಲಿ ದೀಪವನ್ನು ತೂಗಿಹಾಕುವಾಗ ತೋಳು ಒಂದು ಕಾಲಿನ ನೇರದಲ್ಲಿರಬೇಕು, ಮರಳಿನ ಚೀಲ ಹೇರಿರಬೇಕು. ತೋಳನ್ನು ಬಿಗಿಯುವ ತಿರುಪು, ಭಾರ ಕೆಳಗೆ ಜಗ್ಗಿದಾಗ ಇನ್ನಷ್ಟು ಬಿಗಿಯಾಗುವ ದಿಕ್ಕಿನಲ್ಲಿರಬೇಕು. ತಿರುಗುಮುರುಗಾದರೆ ಭಾರವೇ ಅದನ್ನು ಸಡಿಲಿಸುತ್ತದೆ. ತಂತಿಗಳನ್ನು ಮೊಣಕೈಗೆ ಸುತ್ತಬಾರದು, ಒಂದು ಸುತ್ತು ಮೇಲಿಂದ, ಒಂದು ಸುತ್ತು ಒಳಗಿಂದ ಎಂದು ಸುರುಳಿ ಮಾಡಬೇಕು. ಹಿನ್ನೆಲೆಯ ಕಾಗದದ ಮೇಲೆ ಚಪ್ಪಲಿ ಹಾಕಿ ನಡೆದವರಿಗೆ ಅಲ್ಲಿ ಕ್ಷಮೆಯಿಲ್ಲ. ಇನ್ನು ಐದು ಬಗೆಯ ಹೊದಿಕೆಯ ಮಡಿಸುವ ರಿಫ್ಲೆಕ್ಟರು ಎಂಬ ಮಾಯಾವಿ ವಸ್ತುವೊಂದಿದೆ. ಬಿಚ್ಚಿದರೆ ಹಪ್ಪಳ ಒಣಹಾಕಬಹುದಾದಷ್ಟು ದೊಡ್ಡ ವೃತ್ತ, ಎಂಟರ ಆಕಾರಕ್ಕೆ ತಿರುಚಿದರೆ ಊಟದ ತಟ್ಟೆಯಷ್ಟು. ತಿರುಚುವ ವಿದ್ಯೆ ನನಗೆ ಒಲಿದದ್ದು ಆರನೆಯ ವಾರದಲ್ಲಿ. ಅಲ್ಲಿಯವರೆಗೆ ಅದು ನನ್ನ ಕೈಯಿಂದ ಚಿಮ್ಮಿ ಯಾರದಾದರೂ ಕನ್ನಡಕಕ್ಕೆ ಬಡಿಯುತ್ತಿತ್ತು.

ಒಮ್ಮೆ ಮರಳಿನ ಚೀಲ ಹೇರುವುದನ್ನು ಮರೆತೆ. ಸ್ಟೂಲಿನ ಮೇಲೆ ಸಹಪಾಠಿಯೊಬ್ಬಳ ತಂಗಿ ಕುಳಿತಿದ್ದಳು. ಸಾಫ್ಟ್‌ಬಾಕ್ಸು ನಿಧಾನವಾಗಿ, ತೂಕಡಿಸುವವರ ತಲೆಯಂತೆ ಬಾಗಿ, ಅವಳ ಮೊಣಕಾಲಿನ ಪಕ್ಕದಲ್ಲಿ ನೆಲಕ್ಕೆ ಬಿತ್ತು. ದೀಪದ ಗಾಜು ಒಡೆಯಿತು. ಹುಡುಗಿಗೆ ಏನೂ ಆಗಲಿಲ್ಲ, ಅವಳು ನಕ್ಕಳು ಕೂಡ. ನನ್ನ ಕೈ ಮಾತ್ರ ಅಂದು ಸಂಜೆ ರೈಲಿನಲ್ಲಿ ಠಾಣೆ ಬರುವತನಕ ನಡುಗುತ್ತಿತ್ತು. ಅಂದಿನಿಂದ ಮರಳಿನ ಚೀಲದ ವಿಷಯದಲ್ಲಿ ನಾನು ಮಡಿವಂತಳು.

ನಾನು ಹೇಳಹೊರಟಿದ್ದು ಸ್ಟೂಲಿನ ವಿಷಯ.

ಆಗಸ್ಟಿನ ಒಂದು ಶನಿವಾರ ಕೊಲ್ಹಾಪುರದ ಹುಡುಗನ ಸರದಿ. ರೆಂಬ್ರಾಂಟ್ ಬೆಳಕು ಅವನಿಗೆ ಕೊಟ್ಟ ಅಭ್ಯಾಸ. ದೀಪವನ್ನು ಪಕ್ಕದಲ್ಲಿ, ಕಣ್ಣಿನ ಮಟ್ಟಕ್ಕಿಂತ ಮೇಲೆ ಇಟ್ಟು, ನೆರಳಿನಲ್ಲಿರುವ ಕೆನ್ನೆಯ ಮೇಲೆ ಕಣ್ಣಿನ ಕೆಳಗೆ ಒಂದು ಸಣ್ಣ ತ್ರಿಕೋನದಷ್ಟು ಮಾತ್ರ ಬೆಳಕು ಬೀಳುವಂತೆ ಮಾಡಬೇಕು. ಮೂಗಿನ ನೆರಳು ಕೆನ್ನೆಯ ನೆರಳನ್ನು ಹೋಗಿ ಮುಟ್ಟಿದರೆ ತ್ರಿಕೋನ ಮುಚ್ಚಿಕೊಳ್ಳುತ್ತದೆ. ಡಚ್ ಚಿತ್ರಕಾರ 17ನೆಯ ಶತಮಾನದಲ್ಲಿ ಮುಖಗಳ ಮೇಲೆ ಬರೆದ ಬೆಳಕದು. ಹುಡುಗ ನನ್ನನ್ನು ಕೂರಿಸಿ, ದೀಪವನ್ನು ಅತ್ತಿತ್ತ ಸರಿಸಿ, ತ್ರಿಕೋನವನ್ನೇನೋ ಹಿಡಿದ. ಆದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ನನ್ನ ಮುಖ ಅವನಿಗೆ ಕಪ್ಪಾಯಿತು ಎನಿಸಿತು. ಎಫ್ 8ರಲ್ಲಿದ್ದ ರಂಧ್ರವನ್ನು ಎಫ್ 5.6ಕ್ಕೆ ತೆರೆದ; ಎಂದರೆ ಒಳಬರುವ ಬೆಳಕನ್ನು ಇಮ್ಮಡಿ ಮಾಡಿದ. ಪರದೆಯ ಮೇಲಿನ ನಾನು ಬೆಳಗಿದೆ. ಎಲ್ಲರೂ ‘ತಾಯಿ, ಎಷ್ಟು ಚೆನ್ನಾಗಿ ಬಂದಿದೆ’ ಎಂದರು. ನಾನೂ ಎದ್ದು ಹೋಗಿ ನೋಡಿದೆ. ಚೆನ್ನಾಗಿತ್ತು.

ಅಷ್ಟರಲ್ಲಿ ಅಂದಿನ ನಿಜವಾದ ಮಾಡೆಲ್ ಬಂದಳು. ಅವರ ಕಾಲೇಜಿನವಳೇ, ಬೆಳ್ಳಗಿನ ಹುಡುಗಿ. ಅದೇ ಸ್ಟೂಲು, ಅದೇ ದೀಪ. ಮೊದಲ ಚಿತ್ರದಲ್ಲಿ ಅವಳ ಹಣೆಯೂ ಮೂಗಿನ ತುದಿಯೂ ಸುಣ್ಣ ಬಳಿದಂತೆ ಬಿಳುಚಿಕೊಂಡು, ಅಲ್ಲಿ ಚರ್ಮದ ಕುರುಹೇ ಉಳಿಯಲಿಲ್ಲ. ಹುಡುಗ ಗಾಬರಿಯಿಂದ, ‘ಸೆಟ್ಟಿಂಗು ತಾಯಿಯ ಮೇಲೆ ಮಾಡಿದ್ದು, ಅದಕ್ಕೇ’ ಎಂದುಬಿಟ್ಟ.

ಸ್ಟುಡಿಯೋದಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಅವನ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಹೇಳಿದ ಮೇಲೆ ಅವನ ಕಿವಿ ಕೆಂಪಾದುದನ್ನು ನೋಡಿ ನನಗೇ ಕನಿಕರವಾಯಿತು. ನಾನು ರಿಫ್ಲೆಕ್ಟರನ್ನು ಎತ್ತಿಕೊಂಡು ಅನಗತ್ಯವಾಗಿ ಅದರ ಹೊದಿಕೆಯ ಜಿಪ್ಪನ್ನು ಸರಿಪಡಿಸತೊಡಗಿದೆ.

ನಮ್ಮ ಅಧ್ಯಾಪಕರು ಅರವತ್ತು ದಾಟಿದವರು. ಫಿಲ್ಮಿನ ಕಾಲದಲ್ಲಿ ಜಾಹೀರಾತು ಸಂಸ್ಥೆಗಳಿಗೆ ದುಡಿದವರು. ಅವರು ಎದ್ದು ಬಂದು, ಜೇಬಿನಿಂದ ಬೆಳಕಿನ ಮೀಟರನ್ನು ತೆಗೆದರು. ಹಳೆಯ ಕಾಲದ ಟ್ರಾನ್ಸಿಸ್ಟರಿನಷ್ಟು ಸಣ್ಣ ಪೆಟ್ಟಿಗೆ, ಅದರ ನೆತ್ತಿಯ ಮೇಲೆ ಪಿಂಗ್‌ಪಾಂಗ್ ಚೆಂಡನ್ನು ಅರ್ಧ ಕತ್ತರಿಸಿ ಅಂಟಿಸಿದಂತೆ ಒಂದು ಬಿಳಿಯ ಗುಮ್ಮಟ. ಅದನ್ನು ಆ ಹುಡುಗಿಯ ಗದ್ದದ ಕೆಳಗೆ ಹಿಡಿದು ದೀಪ ಮಿಂಚಿಸಿದರು: ಎಫ್ 8. ಅವಳನ್ನೆಬ್ಬಿಸಿ ನನ್ನನ್ನು ಕೂರಿಸಿ ನನ್ನ ಗದ್ದದ ಕೆಳಗೆ ಹಿಡಿದರು: ಎಫ್ 8. ಆಮೇಲೆ ಹುಡುಗನನ್ನೇ ಕೂರಿಸಿದರು. ಮತ್ತೆ ಎಫ್ 8.

‘ಕ್ಯಾಮೆರಾದೊಳಗಿನ ಮೀಟರು ಮುಖದಿಂದ ಚಿಮ್ಮಿ ಬರುವ ಬೆಳಕನ್ನು ಅಳೆಯುತ್ತದೆ’ ಎಂದರು. ‘ಅದಕ್ಕೆ ಜಗತ್ತೆಲ್ಲ ನಡುಬೂದಿ ಬಣ್ಣದ್ದಾಗಿರಬೇಕೆಂದು ಆಸೆ. ಕಪ್ಪನ್ನು ಕಂಡರೆ ಮೇಲೆತ್ತುತ್ತದೆ, ಬಿಳಿಯನ್ನು ಕಂಡರೆ ಕೆಳಗಿಳಿಸುತ್ತದೆ. ನಿಮ್ಮ ಕಣ್ಣೂ ಈಗ ಅದೇ ಕೆಲಸ ಮಾಡಿತು. ಈ ಗುಮ್ಮಟ ಹಾಗಲ್ಲ. ಇದು ನಿಮ್ಮ ಮೇಲೆ ಬೀಳುವ ಬೆಳಕನ್ನು ಮಾತ್ರ ಅಳೆಯುತ್ತದೆ. ಕುಳಿತವರು ಯಾರು, ಎಂಥವರು ಎಂದು ಇದು ಕೇಳುವುದಿಲ್ಲ.’

ಅನಂತರ ಎಫ್ 8ರಲ್ಲಿ ನನ್ನದೊಂದು ಚಿತ್ರ ತೆಗೆಸಿದರು. ಅದರಲ್ಲಿ ನಾನು ನನ್ನ ಬಣ್ಣದಲ್ಲಿದ್ದೆ. ಕೆನ್ನೆಯೆಲುಬಿನ ಮೇಲೆ ಒಂದು ಹೊಳಪಿತ್ತು, ಹಣೆಯ ಮೂಲೆಯಲ್ಲಿ ಚಿಕ್ಕಂದಿನಲ್ಲಿ ಹಿತ್ತಲ ಕಲ್ಲಿಗೆ ಬಡಿದುಕೊಂಡ ಗಾಯದ ಗುರುತಿತ್ತು. ಮೊದಲಿನ ಚಿತ್ರದಲ್ಲಿ ಅವೆರಡೂ ಕಾಣಿಸಿರಲಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ‘ಯಾವುದು ಸರಿ’ ಎಂದು ಅವರು ಕೇಳಿದಾಗ ಎಲ್ಲರೂ ಎರಡನೆಯದನ್ನು ತೋರಿಸಿದರು. ನಾನೂ ತೋರಿಸಿದೆ. ಆದರೆ ಈ ಬರಹದಲ್ಲಾದರೂ ನಿಜ ಹೇಳಬೇಕು: ಅಂದು ರಾತ್ರಿ ಹುಡುಗನಿಗೆ ಸಂದೇಶ ಕಳಿಸಿ ನಾನು ತರಿಸಿಕೊಂಡದ್ದು ಮೊದಲನೆಯ ಚಿತ್ರವನ್ನು. ವಾಟ್ಸಾಪಿನ ನನ್ನ ಗುರುತುಚಿತ್ರವಾಗಿ ಮೂರು ವಾರ ಅದೇ ಇತ್ತು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಶೇಕ್ಸ್‌ಪಿಯರನ ಸಾನೆಟ್ಟುಗಳ ‘ಕಪ್ಪು ಚೆಲುವೆ’ಯ ಕುರಿತು ಪುಟಗಟ್ಟಲೆ ಬರೆದು ಅಂಕ ಗಳಿಸಿದವಳು ನಾನು. 127ರಿಂದ 152ರವರೆಗಿನ ಆ ಕವಿತೆಗಳು ಪರೀಕ್ಷೆಗೆ ಕಡ್ಡಾಯವಾಗಿದ್ದವು. ಪರೀಕ್ಷೆ ಬರೆದು ಹಾಸ್ಟೆಲಿಗೆ ಬಂದು ನಾವು ಕೆಲವರು ಮುಖಕ್ಕೆ ಕಡಲೆಹಿಟ್ಟು ಮೊಸರು ಹಚ್ಚಿಕೊಂಡು ಕೂರುತ್ತಿದ್ದೆವು.

ಆ ಎರಡು ಚಿತ್ರಗಳು ನನಗೆ ನೆನಪಿಸಿದ್ದು ಅವ್ವನ ಫೋಟೋವನ್ನು.

ಅವ್ವನದೆಂದು ನಮ್ಮಲ್ಲಿರುವ ಸ್ಟುಡಿಯೋ ಚಿತ್ರ ಒಂದೇ. ವರನ ಕಡೆಯವರಿಗೆ ತೋರಿಸಲೆಂದು ಅಜ್ಜ ಅವಳನ್ನು ಗದಗಿಗೆ ಕರೆದೊಯ್ದು ತೆಗೆಸಿದ್ದು. ಕಪ್ಪು ಬಿಳುಪಿನ ಚಿತ್ರ. ಹಿಂದೆ ಕಂಬಗಳೂ ಮೆಟ್ಟಿಲೂ ಇರುವ ಪರದೆ, ಪಕ್ಕದಲ್ಲಿ ಹೂದಾನಿ. ಅವ್ವ ನನಗಿಂತ ಕಪ್ಪು. ಚಿತ್ರದಲ್ಲಿ ಮಾತ್ರ ಅವಳ ಮುಖ ತಿಂಗಳ ಬೆಳಕಿನಲ್ಲಿ ಅದ್ದಿ ತೆಗೆದಂತಿದೆ. ಮಡಿಲಲ್ಲಿಟ್ಟ ಕೈಗಳಿಗೆ ಆ ಉಪಚಾರ ಸಿಕ್ಕಿಲ್ಲವಾದ್ದರಿಂದ ಅವು ಬೇರೆ ಯಾರದೋ ಎಂಬಂತೆ ಕಾಣುತ್ತವೆ. ಇದನ್ನು ಹೇಗೆ ಮಾಡುತ್ತಿದ್ದರೆಂಬುದು ನನಗೆ ತಿಳಿದದ್ದು ಈ ತರಗತಿಯಲ್ಲೇ. ನೆಗೆಟಿವ್ವನ್ನು ಇಳಿಜಾರಿನ ಗಾಜಿನ ಮೇಜಿನ ಮೇಲೆ ಬೆಳಕಿಗೆದುರಾಗಿಟ್ಟು, ಸೂಜಿಮೊನೆಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಖದ ಮೇಲೆ ಸಣ್ಣ ಸಣ್ಣ ಗೀರುಗಳನ್ನೆಳೆಯುತ್ತಿದ್ದರು. ಅಗಲವಾದ ಭಾಗಕ್ಕೆ ತೆಳುವಾದ ಕೆಂಪು ಬಣ್ಣದ ದ್ರಾವಣವನ್ನು ಕುಂಚದಿಂದ ಸವರುತ್ತಿದ್ದರು. ನೆಗೆಟಿವ್ವಿನಲ್ಲಿ ಎಲ್ಲಿ ದಟ್ಟವಾಗುತ್ತದೋ ಮುದ್ರಣದಲ್ಲಿ ಅಲ್ಲಿ ಬೆಳ್ಳಗಾಗುತ್ತದೆ. ಬೆಳ್ಳಗೆ ಮಾಡಲು ಕಪ್ಪು ಗೀಚಬೇಕು. ಗದಗಿನ ಆ ಮನುಷ್ಯ ಅವ್ವನ ಮುಖಕ್ಕೆ ಎಷ್ಟು ಹೊತ್ತು ದುಡಿದಿರಬೇಕೋ. ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವನು ತನ್ನ ಮಟ್ಟಿಗೆ ಒಂದು ಮದುವೆಗೆ ನೆರವಾಗುತ್ತಿದ್ದ.

ಆ ಚಿತ್ರವನ್ನು ನೋಡಿ ಬಂದ ಮೊದಲ ಮನೆಯವರು ಅವಲಕ್ಕಿ ತಿಂದು, ಚಹಾ ಕುಡಿದು, ಎದುರಿಗೆ ತಲೆತಗ್ಗಿಸಿ ಕುಳಿತಿದ್ದ ಅವ್ವನನ್ನು ನೋಡಿ, ‘ಫೋಟೋದಾಗಿನ ಹುಡುಗೀನ ಕರೀರಿ’ ಎಂದರಂತೆ. ಅವ್ವ ಇದನ್ನು ಹಾಸ್ಯದ ಕಥೆಯಂತೆ ಹೇಳುತ್ತಿದ್ದಳು. ಅವರ ದನಿಯನ್ನು ಅನುಕರಿಸುತ್ತಿದ್ದಳು, ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ಅಪ್ಪ ಬಂದದ್ದು ಅದಾದ ಎರಡು ವರ್ಷಕ್ಕೆ, ಫೋಟೋ ನೋಡದೆಯೇ. ಈಗ ಅದೇ ಚಿತ್ರ ಧಾರವಾಡದಲ್ಲಿ ಅಣ್ಣನ ಮನೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿಕೊಂಡಿದೆ. ನನ್ನ ಮಗಳು ಅಜ್ಜಿಯನ್ನು ಕಂಡದ್ದು ಅದರಲ್ಲಿ ಮಾತ್ರ. ಒಮ್ಮೆ ಅವಳು ನನ್ನ ಕೈಯನ್ನೂ ಚಿತ್ರವನ್ನೂ ನೋಡಿ ‘ನೀನು ಅಜ್ಜನ ಹಾಗಾ?’ ಎಂದು ಕೇಳಿದಳು. ಅಪ್ಪ ಗೋಧಿಬಣ್ಣದವರು. ಅಲ್ಲವೆಂದೆ. ಹಾಗಾದರೆ ಯಾರ ಹಾಗೆ ಎಂದು ತೋರಿಸಲು ಮನೆಯಲ್ಲಿ ಏನೂ ಇರಲಿಲ್ಲ.

ಇದೆಲ್ಲ ನಮ್ಮ ಸಮಾಜದ ರೋಗವೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಯಂತ್ರವೂ ಪಕ್ಷಪಾತದಿಂದಲೇ ಹುಟ್ಟಿದ್ದೆಂದು ತಿಳಿದಾಗ ನನಗೆ ಒಂದು ಬಗೆಯ ಸಮಾಧಾನವೂ ಆಯಿತು, ಸಿಟ್ಟೂ ಬಂದಿತು. ಕೊಡಕ್ ಕಂಪನಿ ತನ್ನ ಬಣ್ಣದ ಚಿತ್ರಗಳನ್ನು ಮುದ್ರಿಸುವ ಪ್ರಯೋಗಾಲಯಗಳಿಗೆ ಅಳತೆಗೋಲಾಗಿ ಒಂದು ಚಿತ್ರವನ್ನು ಕಳಿಸುತ್ತಿತ್ತು. ಅದರಲ್ಲೊಬ್ಬ ಬಿಳಿಯ ಹೆಣ್ಣುಮಗಳು. ‘ಶರ್ಲಿ ಕಾರ್ಡ್’ ಎಂದು ಅದಕ್ಕೆ ಹೆಸರು. ಅವಳ ಚರ್ಮ ಸರಿಯಾಗಿ ಮೂಡಿದರೆ ಎಲ್ಲವೂ ಸರಿ. ಕಂದು ಬಣ್ಣಗಳ ಸೂಕ್ಷ್ಮ ಭೇದಗಳು ಫಿಲ್ಮಿನಲ್ಲಿ ಮೂಡುತ್ತಿಲ್ಲವೆಂದು ಕಂಪನಿಗೆ ಮನಗಾಣಿಸಿದವರಲ್ಲಿ ಚಾಕೊಲೇಟ್ ತಯಾರಕರೂ ಮರದ ಪೀಠೋಪಕರಣ ಮಾಡುವವರೂ ಇದ್ದರು. ತಮ್ಮ ಕಪ್ಪು ಚಾಕೊಲೇಟಿಗೂ ಹಾಲಿನ ಚಾಕೊಲೇಟಿಗೂ ಚಿತ್ರದಲ್ಲಿ ವ್ಯತ್ಯಾಸ ತಿಳಿಯುತ್ತಿಲ್ಲವೆಂಬುದು ಅವರ ದೂರು. ಬೇರೆ ಬೇರೆ ಮೈಬಣ್ಣದ ಹೆಂಗಸರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಅಷ್ಟರಲ್ಲಿ ನಮ್ಮ ಮನೆಗಳ ಆಲ್ಬಮ್ಮುಗಳು ತುಂಬಿಹೋಗಿದ್ದವು.

ಅಧ್ಯಾಪಕರು ಮುಂದಿನ ಎರಡು ವಾರ ಇದೇ ವಿಷಯ ಹಿಡಿದುಕೊಂಡರು. ಕಪ್ಪು ಚರ್ಮಕ್ಕೆ ಬೆಳಕನ್ನು ಸುರಿಯಬೇಕಾಗಿಲ್ಲ, ಬೆಳಕಿನ ಮೂಲ ದೊಡ್ಡದಾಗಿ, ಹತ್ತಿರದಲ್ಲಿ, ಪಕ್ಕದಲ್ಲಿರಬೇಕು. ಬೆಳ್ಳನೆಯ ಮುಖದ ಏರುತಗ್ಗುಗಳನ್ನು ನೆರಳು ತೋರಿಸುತ್ತದೆ. ಕಪ್ಪು ಮುಖದ ಏರುತಗ್ಗುಗಳನ್ನು ಅದರ ಮೇಲಿನ ಹೊಳಪು ತೋರಿಸುತ್ತದೆ. ಕಲ್ಲಿನ ವಿಗ್ರಹಕ್ಕೆ ಎಣ್ಣೆ ಸವರಿದಾಗ ಮೂಗು, ತುಟಿ, ಗಲ್ಲ ಒಮ್ಮೆಲೇ ಎದ್ದು ಬರುವುದನ್ನು ಗರ್ಭಗುಡಿಯಲ್ಲಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಎರಡು ವಾರ ಸ್ಟೂಲಿನ ಮೇಲೆ ಕುಳಿತವಳು ನಾನೇ. ಈ ಸಲ ಬದಲಿಯಾಗಿ ಅಲ್ಲ.

ಇಷ್ಟರ ಮೇಲೆ ಕಚೇರಿಯ ಪ್ರಸಂಗವೊಂದನ್ನು ಹೇಳಬೇಕು. ಕೇಂದ್ರ ಸರ್ಕಾರದ ಕಚೇರಿಯೊಂದರ ಪಿಂಚಣಿ ವಿಭಾಗದಲ್ಲಿ ನನ್ನ ಕೆಲಸ. ನಿವೃತ್ತರಾಗುವವರು ಸಲ್ಲಿಸಬೇಕಾದ ಕಾಗದಗಳಲ್ಲಿ ಗಂಡ ಹೆಂಡತಿಯ ಜಂಟಿ ಭಾವಚಿತ್ರವೂ ಒಂದು. ಅದರ ಉದ್ದೇಶ ಸರಳ, ಸ್ವಲ್ಪ ಕಠೋರ. ಇಬ್ಬರಲ್ಲಿ ನೌಕರ ಮೊದಲು ತೀರಿಕೊಂಡರೆ ಕುಟುಂಬ ಪಿಂಚಣಿ ಕೇಳಿಕೊಂಡು ಬರುವ ಇನ್ನೊಬ್ಬರನ್ನು ಗುರುತಿಸಲು ಅದು ಬೇಕು. ಒಬ್ಬರಿಲ್ಲದ ದಿನಕ್ಕಾಗಿ ಇಬ್ಬರೂ ಒಟ್ಟಿಗೆ ಕುಳಿತು ತೆಗೆಸಿಕೊಳ್ಳುವ ಚಿತ್ರ. ಹನ್ನೊಂದು ವರ್ಷದಲ್ಲಿ ಇಂಥ ನೂರಾರು ಚಿತ್ರಗಳಿಗೆ ಸಹಿ ಹಾಕಿ ಮೊಹರೊತ್ತಿದ್ದೇನೆ. ಅರ್ಧ ಸಹಿ ಚಿತ್ರದ ಮೇಲೆ, ಅರ್ಧ ಕಾಗದದ ಮೇಲೆ. ಎಷ್ಟು ಹೆಂಗಸರ ಗಲ್ಲದ ಮೇಲೆ ನನ್ನ ಸಹಿಯ ಬಾಲ ಹರಿದುಹೋಗಿದೆಯೋ ಲೆಕ್ಕವಿಲ್ಲ. ಆ ಮುಖಗಳನ್ನು ನಾನು ನೋಡಿದ್ದೆನೆಂದು ಹೇಳಲಾರೆ.

ನವೆಂಬರಿನಲ್ಲಿ ನಿವೃತ್ತರಾಗಲಿದ್ದ ನಮ್ಮ ವಿಭಾಗದ ಹಿರಿಯ ಅಟೆಂಡರರೊಬ್ಬರು ಜಂಟಿ ಚಿತ್ರ ತಂದುಕೊಟ್ಟರು. ಕೊಂಕಣದ ಕಡೆಯವರು, ಮಿತಭಾಷಿ. ಚಿತ್ರವನ್ನು ಕೈಗೆತ್ತಿಕೊಂಡಾಗ, ತರಗತಿಯ ಅಭ್ಯಾಸಬಲದಿಂದ, ಇಬ್ಬರ ಮುಖದ ಮೇಲಿನ ನೆರಳುಗಳನ್ನು ನೋಡಿದೆ. ಅವರ ಮೂಗಿನ ನೆರಳು ಎಡಕ್ಕೆ, ಹೆಂಡತಿಯ ಮೂಗಿನ ನೆರಳು ಬಲಕ್ಕೆ. ಒಂದೇ ಕೋಣೆಯಲ್ಲಿ ಕುಳಿತವರಲ್ಲ. ಅಂಗಡಿಯವನು ಎರಡು ಪಾಸ್‌ಪೋರ್ಟ್ ಚಿತ್ರಗಳನ್ನು ನೀಲಿ ಹಿನ್ನೆಲೆಯ ಮೇಲೆ ಒಟ್ಟಿಗೆ ಅಂಟಿಸಿದ್ದ. ಹೆಂಡತಿಯ ತಲೆ ಗಂಡನದಕ್ಕಿಂತ ದೊಡ್ಡದು. ಮುಖ ಹಾಲಿನಂತೆ ಬಿಳಿ, ಕಿವಿ ಮಾತ್ರ ಕಪ್ಪು. ಹಿಂದೆಲ್ಲ ಇಂಥವಕ್ಕೆ ನಾನು ಸುಮ್ಮನೆ ಸಹಿ ಹಾಕಿರಬಹುದು. ಅಂದು ಕೇಳಿದೆ. ಅವರು ಸಂಕೋಚದಿಂದ, ಮದುವೆಯಾದ ಮೇಲೆ ಇಬ್ಬರೂ ಒಟ್ಟಿಗೆ ಚಿತ್ರ ತೆಗೆಸಿಕೊಂಡದ್ದೇ ಇಲ್ಲ, ಅವಳು ಹೆಚ್ಚಾಗಿ ಊರಿನಲ್ಲೇ ಇದ್ದವಳು ಎಂದರು.

ವಿರಾರಿನಿಂದ ಬರುವ ಸಹಪಾಠಿಯೊಬ್ಬಳಿಗೆ ಇಬ್ಬರ ಭಾವಚಿತ್ರದ ಅಭ್ಯಾಸ ಬಾಕಿಯಿತ್ತು. ಹೀಗಾಗಿ ಒಂದು ಶನಿವಾರ ದಂಪತಿ ನಮ್ಮ ಸ್ಟುಡಿಯೋಕ್ಕೆ ಬಂದರು. ಆಕೆ ಹಸಿರು ನೌವಾರಿ ಉಟ್ಟು, ಮೂಗಿಗೆ ನತ್ತು ಇಟ್ಟುಕೊಂಡಿದ್ದರು. ಚಪ್ಪಲಿಯನ್ನು ಯಾರೂ ಹೇಳದೆಯೇ ಹೊರಗೆ ಬಿಟ್ಟುಬಂದರು. ಅವರ ಬಣ್ಣ ನನ್ನ ಅವ್ವನ ಬಣ್ಣ. ಗಂಡ ಗೋಧಿಬಣ್ಣ, ಕೊಂಕಣಸ್ಥರ ತಿಳಿಗಣ್ಣು ಬೇರೆ. ಒಂದೇ ಚೌಕಟ್ಟಿನಲ್ಲಿ ಇಂಥ ಎರಡು ಮುಖಗಳನ್ನು ಹಿಡಿಯುವುದು ಭಾವಚಿತ್ರದ ಕಠಿಣ ಲೆಕ್ಕಗಳಲ್ಲೊಂದು.

ಹುಡುಗಿ ದೀಪವನ್ನು ಹೆಂಡತಿಯ ಪಕ್ಕದಲ್ಲಿಟ್ಟಳು. ಬೆಳಕು ದೂರ ಹೋದಷ್ಟೂ ಬಲು ಬೇಗ ಕುಗ್ಗುತ್ತದೆ. ನಾಲ್ಕು ಅಡಿಯಲ್ಲಿ ಬಿದ್ದಷ್ಟರ ನಾಲ್ಕನೆಯ ಒಂದು ಪಾಲು ಮಾತ್ರ ಎಂಟು ಅಡಿಯಲ್ಲಿ ಬೀಳುತ್ತದೆ. ಆದ್ದರಿಂದ ದೀಪಕ್ಕೆ ಹತ್ತಿರ ಕುಳಿತವರಿಗೂ ಒಂದು ಭುಜದಾಚೆ ಕುಳಿತವರಿಗೂ ಬೆಳಕು ಒಂದೇ ಅಲ್ಲ. ಹೆಂಡತಿಗೆ ಸ್ವಲ್ಪ ಹೆಚ್ಚು, ಗಂಡನಿಗೆ ಸ್ವಲ್ಪ ಕಡಿಮೆ. ಇದೂ ಒಂದು ಬಗೆಯ ತಿದ್ದುವಿಕೆಯಲ್ಲವೇ ಎಂದು ನಾನು ಅಧ್ಯಾಪಕರನ್ನು ಹಿಂದೆ ಕೇಳಿದ್ದೆ. ಪೆನ್ಸಿಲು ಇಲ್ಲದ್ದನ್ನು ಹಚ್ಚುತ್ತದೆ, ದೀಪ ಇರುವುದನ್ನು ತೋರಿಸುತ್ತದೆ ಎಂದಿದ್ದರು. ಸ್ವಲ್ಪ ವಕೀಲಿಕೆಯ ಮಾತು ಎಂದೇ ನನಗೆ ಈಗಲೂ ಅನಿಸುತ್ತದೆ.

ನಾನು ಮೊಣಕಾಲೂರಿ ಅವರಿಬ್ಬರ ಮುಂದೆ, ಚೌಕಟ್ಟಿನಿಂದ ಕೆಳಗೆ, ರಿಫ್ಲೆಕ್ಟರನ್ನು ಹಿಡಿದುಕೊಂಡಿದ್ದೆ. ಛಾಯಾಗ್ರಾಹಕಿಗೆ ಕಾಣದ್ದು ಅಲ್ಲಿಂದ ಕಾಣುತ್ತದೆ. ಆಕೆಯ ಎಡಗೈ ಗಂಡನ ಅಂಗಿಯ ಅಂಚನ್ನು ಹಿಂದಿನಿಂದ ಹಿಡಿದುಕೊಂಡಿತ್ತು. ಹುಡುಗಿ ‘ಇನ್ನೂ ಹತ್ತಿರ’ ಎಂದಾಗ ಇಬ್ಬರೂ ಕ್ಯಾಮೆರಾದ ಕಡೆಗೆ ಬಾಗಿದರೇ ಹೊರತು ಒಬ್ಬರ ಕಡೆಗೊಬ್ಬರಲ್ಲ. ಏಳೆಂಟು ಸಲ ದೀಪ ಮಿಂಚಿತು. ನಾನು ರಿಫ್ಲೆಕ್ಟರನ್ನು ಅಂಗೈಯಗಲದಷ್ಟು ಮೇಲೆತ್ತಿದೆ. ಆಕೆಯ ಕೆನ್ನೆಯೆಲುಬು, ಮೂಗಿನ ಸೇತುವೆ, ನತ್ತಿನ ಮುತ್ತು ಒಟ್ಟಿಗೆ ಹೊಳೆದವು. ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಮೂಡಿತು. ಆ ಹೊತ್ತಿನಲ್ಲಿ ನನ್ನ ತೋಳು ನೋಯುತ್ತಿತ್ತೆಂಬುದು ಬಿಟ್ಟರೆ ಬೇರೇನೂ ನೆನಪಿಲ್ಲ.

ಆಕೆ ಮೆಲ್ಲಗೆ ಹುಡುಗಿಗೆ, ‘ಸ್ವಲ್ಪ ಬೆಳ್ಳಗೆ ಮಾಡುತ್ತೀಯಲ್ಲ ಮಗಳೇ?’ ಎಂದರು.

ಹುಡುಗಿ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳಬೇಕೆಂದು ಅವಳ ನಿರೀಕ್ಷೆ. ಶರ್ಲಿ ಕಾರ್ಡಿನ ಕಥೆಯೂ, ಬೀಳುವ ಬೆಳಕಿನ ಉಪದೇಶವೂ ನನ್ನ ನಾಲಿಗೆಯ ತುದಿಯಲ್ಲಿದ್ದವು. ಆದರೆ ವಾಟ್ಸಾಪಿನಲ್ಲಿ ಮೂರು ವಾರ ಇದ್ದ ನನ್ನ ಚಿತ್ರವೂ ನೆನಪಾಯಿತು. ‘ಮೊದಲು ಇದನ್ನು ನೋಡಿ’ ಎಂದಷ್ಟೇ ಹೇಳಿ ಅವರನ್ನು ಲ್ಯಾಪ್‌ಟಾಪಿನ ಬಳಿಗೆ ಕರೆದೊಯ್ದೆ.

ಆಕೆ ಬಹಳ ಹೊತ್ತು ನೋಡಿದರು. ಗಂಡ ಹಿಂದೆ ನಿಂತು ಕನ್ನಡಕ ಒರೆಸಿಕೊಂಡರು. ‘ಇದು ನನ್ನ ಆಯಿಯ ಹಾಗಿದೆ’ ಎಂದರು ಕೊನೆಗೆ. ಅದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ. ಆಮೇಲೆ ಹುಡುಗಿ ಅವರ ಇಚ್ಛೆಯಂತೆ ಒಂದು ಗುಂಡಿಯನ್ನು ಬಲಕ್ಕೆ ಸರಿಸಿದಳು. ಗದಗಿನ ಮನುಷ್ಯ ಕಣ್ಣಿಗೆ ಕಣ್ಣಿಟ್ಟು ಗೀಚಿ ಮಾಡಿದ್ದ ಕೆಲಸ ಎರಡು ಸೆಕೆಂಡಿನಲ್ಲಿ ಆಯಿತು. ಆಕೆ ನಕ್ಕರು. ಎರಡೂ ಬೇಕೆಂದರು.

‘ಕಚೇರಿಗೆ ಯಾವುದು?’ ಎಂದು ನಾನು ಕೇಳಿದೆ. ಬೆಳ್ಳಗಿನದನ್ನೇ ತೋರಿಸುತ್ತಾರೆಂದು ನನಗೆ ಖಾತ್ರಿಯಿತ್ತು.

ಆಕೆ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. ‘ನಾಳೆ ಇವರಿಲ್ಲದಾಗ ನಾನೊಬ್ಬಳೇ ಬ್ಯಾಂಕಿಗೆ ಹೋಗಬೇಕಲ್ಲ ತಾಯಿ. ಆ ಬೆಳ್ಳಗಿನದನ್ನು ಕೊಟ್ಟರೆ, ಇದು ನೀನಲ್ಲ, ಫೋಟೋದಲ್ಲಿರುವವಳನ್ನು ಕರೆದುಕೊಂಡು ಬಾ ಎನ್ನುವುದಿಲ್ಲವೇ ಅವರು?’

ಗಂಡ ಏನನ್ನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ನಾನು ರಿಫ್ಲೆಕ್ಟರನ್ನು ಎಂಟರ ಆಕಾರಕ್ಕೆ ತಿರುಚಿದೆ. ಅದು ಅಂದು ಒಂದೇ ಸಲಕ್ಕೆ ಮಡಿಚಿಕೊಂಡಿತು.

ಬೆಳ್ಳಗಿನ ಚಿತ್ರ ಅವರ ಊರಿನ ಮನೆಯಲ್ಲಿ, ದೇವರ ಗೂಡಿನ ಪಕ್ಕದಲ್ಲಿ ಚೌಕಟ್ಟು ಹಾಕಿಸಿಕೊಂಡಿದೆಯೆಂದು ಅವರು ಬೀಳ್ಕೊಡುಗೆಯ ದಿನ ಹೇಳಿದರು. ಇನ್ನೊಂದು ಅದಕ್ಕೂ ಮೊದಲೇ, ಒಂದು ಸೋಮವಾರ, ಕಡತದಲ್ಲಿ ಅಂಟಿಸಿಕೊಂಡು ನನ್ನ ಮೇಜಿಗೆ ಬಂದಿತ್ತು. ಅಂಗೈಯಗಲದ ಮುದ್ರಣ, ಅಂಟು ಒಂದು ಮೂಲೆಯಲ್ಲಿ ಇನ್ನೂ ಒಣಗಿರಲಿಲ್ಲ. ಕಾಗದವನ್ನು ಸ್ವಲ್ಪ ಓರೆಯಾಗಿ ತಿರುಗಿಸಿ, ಸಹಿಯನ್ನು ಆರಂಭಿಸಲು ಗಂಡನ ಅಂಗಿಯ ಕೆಳಗಿನ ಅಂಚಿನಲ್ಲಿ ಜಾಗ ಹುಡುಕಿದೆ. ಮೊಹರನ್ನೂ ಅಲ್ಲೇ, ಎರಡನೆಯ ಗುಂಡಿಯ ಕೆಳಗೆ ಒತ್ತಿದೆ. ಮಸಿ ಆಕೆಯ ಮುಖದ ಕಡೆಗೆ ಹರಿಯಲಿಲ್ಲವೆಂದು ಖಾತ್ರಿಯಾಗುವವರೆಗೆ ಕಡತವನ್ನು ಮುಚ್ಚದೆ ಹಾಗೆಯೇ ಇಟ್ಟುಕೊಂಡಿದ್ದೆ.